ಮತ್ತಾಯ 24 ಕ್ರಿ.ಶ. 70ರಲ್ಲೇ ನೆರವೇರಿಬಿಡ್ತಾ? ಹಾಗಾದ್ರೆ ಎರಡನೇ ಬರೋಣದ ಕಥೆ ಏನು?

ಬೆರೋಯದ ಓದುಗ

ಎಲ್ಲರಿಗೂ ವಂದನೆ. ಒಂದು ವಿಷಯ ತುಂಬಾ ದಿನದಿಂದ ತಲೆ ಕೊರೀತಾ ಇದೆ, ಗೊತ್ತಿರೋರು ದಯವಿಟ್ಟು ವಿವರವಾಗಿ ಹೇಳಿ.

ಬೈಬಲಿನ ಮತ್ತಾಯ ಸುವಾರ್ತೆಯ 24ನೇ ಅಧ್ಯಾಯ ಅಂದ್ರೆ ನಾನು ಚಿಕ್ಕಂದಿನಿಂದ ಕೇಳಿರೋದು ಒಂದೇ ತರ, ಯುದ್ಧ, ಬರ, ಭೂಕಂಪ, ಸುಳ್ಳು ಪ್ರವಾದಿಗಳು ಇದೆಲ್ಲಾ ಕಡೇ ದಿನಗಳ ಗುರುತು, ಈಗ ನ್ಯೂಸಲ್ಲಿ ಬರ್ತಿರೋದೇ ಅದು, ಇನ್ನೇನು ವಿಶ್ವಾಸಿಗಳ ಸಭೆ ಆಕಾಶಕ್ಕೆ ಎತ್ತಲ್ಪಡುತ್ತೆ, ಆಮೇಲೆ ಏಳು ವರ್ಷ ಮಹಾಸಂಕಟ, ಕ್ರಿಸ್ತವಿರೋಧಿ ಬರ್ತಾನೆ ಅಂತ. ಆದ್ರೆ ಆ ಅಧ್ಯಾಯನ ಮೊದಲಿಂದ ಕೊನೇವರೆಗೂ ಒಂದೇ ಸಲ ಕೂತು ಓದಿದಾಗ 34ನೇ ವಚನ ದಾಟೋಕೆ ಆಗ್ತಿಲ್ಲ. ಇದೆಲ್ಲಾ ಆಗೋವರೆಗೂ ಈ ಸಂತತಿ ಅಳಿದುಹೋಗಲ್ಲ ಅಂತ ಯೇಸು ಸ್ವಾಮಿ ಎದುರಿಗೆ ಕೂತಿದ್ದ ಶಿಷ್ಯರಿಗೆ ಹೇಳ್ತಿದಾರೆ. 16ನೇ ಅಧ್ಯಾಯದ 28ರಲ್ಲೂ ಹಾಗೇ, ಇಲ್ಲಿ ನಿಂತಿರೋರಲ್ಲಿ ಕೆಲವರು ಮನುಷ್ಯಕುಮಾರ ತನ್ನ ರಾಜ್ಯದಲ್ಲಿ ಬರೋದನ್ನ ನೋಡೋ ತನಕ ಸಾಯಲ್ಲ ಅಂತಿದೆ. ಅಲ್ಲಿ ನಿಂತಿದ್ದೋರೆಲ್ಲಾ ತೀರಿಹೋಗಿ ಹತ್ತೊಂಬತ್ತು ಶತಮಾನ ಆಯ್ತಲ್ಲ?

ಹುಡುಕ್ತಾ ಹೋದಾಗ ಪ್ರಿಟರಿಸಂ ಅನ್ನೋ ವಾದ ಸಿಕ್ತು. ಈ ಪ್ರವಾದನೆಗಳೆಲ್ಲಾ ಮೊದಲನೇ ಶತಮಾನದಲ್ಲೇ, ಅಂದ್ರೆ ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮ್ ಹಾಳುಮಾಡಿದಾಗಲೇ ನೆರವೇರಿಬಿಟ್ವು ಅಂತಾರೆ ಅವರು. ಓದಿದ್ರೆ ಸರಿ ಅನ್ಸುತ್ತೆ, ಆದ್ರೆ ಸೂರ್ಯ ಕತ್ತಲಾಗೋದು, ನಕ್ಷತ್ರ ಬೀಳೋದು, ಮನುಷ್ಯಕುಮಾರ ಮೇಘಗಳ ಮೇಲೆ ಬರೋದು ಇದೆಲ್ಲಾ ಯಾವಾಗ ಆಯ್ತು? ಅದಕ್ಕಿಂತ ದೊಡ್ಡ ಪ್ರಶ್ನೆ, ಎಲ್ಲಾ ಮುಗಿದುಹೋಗಿದ್ರೆ ನಾವು ಕಾಯ್ತಿರೋದು ಏನನ್ನ? ನನ್ನ ತಾಯಿ ತೀರಿಕೊಂಡಾಗ ಸಮಾಧಿ ಹತ್ರ 1 ಥೆಸಲೋನಿಕ 4 ಓದಿದ್ರು, ಕ್ರಿಸ್ತನಲ್ಲಿ ಸತ್ತವರು ಮೊದಲು ಎದ್ದುಬರ್ತಾರೆ ಅಂತ, ಅದೂ ಆಗಿಹೋಯ್ತು ಅಂತ ಯಾರಾದ್ರೂ ಹೇಳಿದ್ರೆ ನನ್ನ ಕೈಲಿ ತಡ್ಕೊಳೋಕೆ ಆಗಲ್ಲ. ಇದು ದುರ್ಬೋಧನೆನಾ ಅಥವಾ ಸಭೆಯೊಳಗೆ ಇರಬಹುದಾದ ಅಭಿಪ್ರಾಯನಾ?

ಎಣ್ಣೇಮರ

ಬ್ರದರ್, ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ನಿಮ್ಮ ಮನಸ್ಸಿಗೆ ಭಾರ ಆಗಿರೋದು ಅದೇ. ಪ್ರಿಟರಿಸಂ ಅನ್ನೋ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ನಂಬಿಕೆ ಇವೆ. ಒಂದು ಭಾಗಶಃ ಪ್ರಿಟರಿಸಂ: ಮತ್ತಾಯ 24ರ ಹೆಚ್ಚಿನ ಭಾಗ, ಕೆಲವರ ಪ್ರಕಾರ ಬೈಬಲಿನ ಕೊನೇ ಪುಸ್ತಕವಾದ ಪ್ರಕಟನೆಯ ಹೆಚ್ಚಿನ ಭಾಗನೂ, 70ರ ಹೊತ್ತಿಗೆ ನೆರವೇರಿದೆ, ಆದ್ರೆ ಕರ್ತನ ಮಹಿಮೆಯ ಬರೋಣ, ಸತ್ತವರ ಪುನರುತ್ಥಾನ, ಕಡೇ ನ್ಯಾಯತೀರ್ಪು ಇನ್ನೂ ಮುಂದಿದೆ. ಇನ್ನೊಂದು ಪೂರ್ಣ ಪ್ರಿಟರಿಸಂ: ಪುನರುತ್ಥಾನ ಸೇರಿ ಎಲ್ಲವೂ 70ರಲ್ಲೇ ಮುಗೀತು, ಶರೀರದ ಪುನರುತ್ಥಾನ ಅಂತ ಮುಂದೆ ಏನೂ ಇಲ್ಲ ಅನ್ನುತ್ತೆ. ಎರಡನೇದು ನೈಸೀನ್ ವಿಶ್ವಾಸಪ್ರಮಾಣಕ್ಕೆ ನೇರ ವಿರುದ್ಧ, ಜೀವಿತರಿಗೂ ಮೃತರಿಗೂ ನ್ಯಾಯತೀರಿಸೋಕೆ ಆತ ತಿರುಗಿ ಬರ್ತಾನೆ ಅಂತ ಕ್ಯಾಥೊಲಿಕ್ಕರು, ಆರ್ಥೊಡಾಕ್ಸ್, ಪ್ರೊಟೆಸ್ಟೆಂಟರು ಎಲ್ಲರೂ ಒಪ್ಪಿಕೊಂಡಿರೋ ಮಾತನ್ನೇ ಅದು ತೆಗೆದುಹಾಕುತ್ತೆ. ಮೊದಲನೇದು ಸಭೆಯೊಳಗೆ ಬಹಳ ಕಾಲದಿಂದ ಇರೋ ಓದು, ನಾನೂ ಅದನ್ನೇ ನಂಬ್ತೀನಿ. ಹಾಗಾಗಿ ನಿಮ್ಮ ತಾಯಿಗೆ ಓದಿದ ವಚನ ಹಾಗೇ ನಿಂತಿದೆ. 1 ಕೊರಿಂಥ 15ರಲ್ಲಿ ನಾಶವಾಗೋ ಕಡೇ ಶತ್ರು ಮರಣ ಅಂತ ಪೌಲ ಹೇಳ್ತಾನೆ, 70ರಲ್ಲಿ ಮರಣ ನಾಶ ಆಗಲಿಲ್ಲ, ಅಷ್ಟೇ.

ಈಗ ಮತ್ತಾಯ 24ಕ್ಕೆ ಬನ್ನಿ. ಮಾತು ಎಲ್ಲಿಂದ ಶುರುವಾಯ್ತು ನೋಡಿ. ಶಿಷ್ಯರು ದೇವಾಲಯದ ಕಟ್ಟಡ ತೋರಿಸ್ತಾರೆ, ಯೇಸು ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯಲ್ಲ ಅಂತಾರೆ, ಅವರು ಅದು ಯಾವಾಗ ಅಂತ ಕೇಳ್ತಾರೆ. ಉತ್ತರದಲ್ಲಿ ಬರೋ ಎಚ್ಚರಿಕೆಗಳನ್ನ ಗಮನಿಸಿ: ಯೂದಾಯದಲ್ಲಿರೋರು ಬೆಟ್ಟಗಳಿಗೆ ಓಡಿಹೋಗ್ಲಿ, ಮಾಳಿಗೆ ಮೇಲಿರೋನು ಸಾಮಾನು ತಗೊಳೋಕೆ ಇಳೀಬಾರದು, ನಿಮ್ಮ ಪಲಾಯನ ಚಳಿಗಾಲದಲ್ಲಾಗಲಿ ಸಬ್ಬತ್ತಿನಲ್ಲಾಗಲಿ ಆಗದ ಹಾಗೆ ಪ್ರಾರ್ಥಿಸಿ. ಇಡೀ ಲೋಕನೇ ಮುಗಿಯೋ ದಿನ ಯೂದಾಯ ಬಿಟ್ಟು ಬೆಟ್ಟಕ್ಕೆ ಓಡಿ ಏನು ಪ್ರಯೋಜನ? ಚಳಿಗಾಲ ಆದ್ರೇನು ಬೇಸಿಗೆ ಆದ್ರೇನು? ಇದು ಒಂದು ಊರಿನ ಮೇಲೆ ಬರೋ ಸೈನ್ಯದಿಂದ ತಪ್ಪಿಸ್ಕೊಳೋಕೆ ಕೊಟ್ಟ ಸೂಚನೆ. ಮತ್ತಾಯ ಹಾಳುಮಾಡುವ ಅಸಹ್ಯ ವಸ್ತು ಅಂತ ದಾನಿಯೇಲನ ಮಾತಲ್ಲಿ ಹೇಳಿದ್ದನ್ನ ಲೂಕ 21:20 ಬಿಡಿಸಿ ಹೇಳುತ್ತೆ, ದಂಡುಗಳು ಯೆರೂಸಲೇಮಿಗೆ ಮುತ್ತಿಗೆ ಹಾಕೋದನ್ನ ನೋಡಿದಾಗ ಅದು ಹಾಳಾಗೋ ಕಾಲ ಹತ್ರ ಬಂತು ಅಂತ ತಿಳ್ಕೊಳ್ಳಿ ಅಂತ.

ಅದು ಹಾಗೇ ಆಯ್ತು. 66ರಲ್ಲಿ ಯೆಹೂದ್ಯರು ರೋಮಿನ ವಿರುದ್ಧ ದಂಗೆ ಎದ್ರು. ಸಿರಿಯದ ರಾಜ್ಯಪಾಲ ಸೆಸ್ಟಿಯಸ್ ಗ್ಯಾಲಸ್ ಸೈನ್ಯ ತಗೊಂಡು ಯೆರೂಸಲೇಮಿನ ಗೋಡೆ ತನಕ ಬಂದು, ಇದ್ದಕ್ಕಿದ್ದ ಹಾಗೆ ವಾಪಸ್ ಹೊರಟ, ದಾರೀಲಿ ಬೇತ್‌ಹೋರೋನಿನ ಹತ್ರ ಭಾರೀ ಪೆಟ್ಟು ತಿಂದ. 67ರಲ್ಲಿ ರೋಮನ್ ಸೇನಾಪತಿ ವೆಸ್ಪಾಸಿಯನ್ ಗಲಿಲಾಯದಿಂದ ಒಂದೊಂದೇ ಊರು ಹಿಡೀತಾ ಬಂದ, 68ರಲ್ಲಿ ಚಕ್ರವರ್ತಿ ನೀರೋ ಸತ್ತ, ರೋಮಲ್ಲೇ ಅಂತರ್ಯುದ್ಧ ಶುರುವಾಗಿ ಯೂದಾಯದ ಯುದ್ಧ ಸ್ವಲ್ಪ ಕಾಲ ನಿಂತ ಹಾಗಾಯ್ತು. ಊರು ಬಿಟ್ಟು ಹೋಗೋರಿಗೆ ಸಿಕ್ಕಿದ್ದು ಈ ಮಧ್ಯದ ಅವಕಾಶನೇ. ಯೆರೂಸಲೇಮಿನ ಕ್ರೈಸ್ತರು ಯೊರ್ದನಿನ ಆಚೆಗಿದ್ದ ಪೆಲ್ಲಾ ಪಟ್ಟಣಕ್ಕೆ ಮೊದಲೇ ಹೋಗಿದ್ರು ಅಂತ ಸಭಾ ಇತಿಹಾಸಕಾರ ಯುಸೇಬಿಯಸ್ 4ನೇ ಶತಮಾನದಲ್ಲಿ ಬರೀತಾನೆ (ಇದನ್ನ ಅನುಮಾನದಿಂದ ನೋಡೋ ಇತಿಹಾಸಕಾರರೂ ಇದ್ದಾರೆ). 70ರ ಪಸ್ಕದ ಹೊತ್ತಿಗೆ, ಹಬ್ಬಕ್ಕೆ ಬಂದ ಜನದಿಂದ ಊರು ತುಂಬಿದ್ದಾಗ, ವೆಸ್ಪಾಸಿಯನ್‌ನ ಮಗ ತೀತ ನಾಲ್ಕು ಲೀಜನ್ (ರೋಮನ್ ಸೈನ್ಯದ ದೊಡ್ಡ ದಳ) ತಗೊಂಡು ಮುತ್ತಿಗೆ ಹಾಕಿದ. ಊರಿನ ಸುತ್ತ ಮೂರೇ ದಿನದಲ್ಲಿ ಗೋಡೆ ಕಟ್ಟಿ ಯಾರೂ ಹೊರಗೆ ಬರದ ಹಾಗೆ ಮಾಡಿದ್ರು ಅಂತ ಆ ಕಾಲದ ಯೆಹೂದಿ ಇತಿಹಾಸಕಾರ ಜೋಸೆಫಸ್ ಹೇಳ್ತಾನೆ. ಈಗ ಲೂಕ 19:43 ತೆಗೆದು ಓದಿ, ಶತ್ರುಗಳು ನಿನ್ನ ಸುತ್ತ ಒಡ್ಡು ಕಟ್ಟಿ ಎಲ್ಲಾ ಕಡೆಯಿಂದ ನಿನ್ನನ್ನ ಬಿಗಿಹಿಡೀತಾರೆ ಅಂತ ಯೇಸು ಆ ಊರನ್ನ ನೋಡಿ ಅತ್ತಿದ್ದು. ಒಳಗೆ ಕ್ಷಾಮ, ಬಂಡಾಯದ ಗುಂಪುಗಳೇ ಒಬ್ಬರನ್ನೊಬ್ಬರು ಕೊಲ್ಲೋದು, ಆಗಸ್ಟ್‌ನಲ್ಲಿ ದೇವಾಲಯ ಸುಟ್ಟುಹೋಯ್ತು, ಸೆಪ್ಟೆಂಬರ್‌ನಲ್ಲಿ ಇಡೀ ಊರು ಬಿತ್ತು. 11 ಲಕ್ಷ ಜನ ಸತ್ರು, 97,000 ಜನ ಸೆರೆಯಾದ್ರು ಅಂತ ಜೋಸೆಫಸ್ ಲೆಕ್ಕ ಕೊಡ್ತಾನೆ, ಮೊದಲನೇ ಸಂಖ್ಯೆ ಉತ್ಪ್ರೇಕ್ಷೆ ಅಂತ ಹೆಚ್ಚಿನ ವಿದ್ವಾಂಸರು ಹೇಳ್ತಾರೆ, ರೋಮನ್ ಇತಿಹಾಸಕಾರ ಟ್ಯಾಸಿಟಸ್ ಮುತ್ತಿಗೆಯಲ್ಲಿ ಸಿಕ್ಕಿಬಿದ್ದೋರೇ 6 ಲಕ್ಷ ಅಂತಾನೆ. ದೇವಾಲಯದ ದೀಪಸ್ತಂಭನ ಸೈನಿಕರು ಹೊತ್ಕೊಂಡು ಹೋಗೋ ಕೆತ್ತನೆ ರೋಮಿನ ತೀತನ ಕಮಾನಿನಲ್ಲಿ ಇವತ್ತಿಗೂ ಇದೆ. ಯೇಸು ಆ ಮಾತು ಹೇಳಿದ್ದು ಕ್ರಿ.ಶ. 30ರ ಆಸುಪಾಸು, ಅಲ್ಲಿಂದ 70ಕ್ಕೆ ನಲವತ್ತು ವರ್ಷ, ಅರಣ್ಯದಲ್ಲಿ ಇಸ್ರಾಯೇಲ್ಯರ ಒಂದು ಸಂತತಿ ಅಳಿದುಹೋದಷ್ಟೇ ಕಾಲ.

ಸೂರ್ಯ ನಕ್ಷತ್ರದ ವಿಷಯಕ್ಕೆ ಹೊಸ ಒಡಂಬಡಿಕೆ ಪಕ್ಕಕ್ಕಿಟ್ಟು ಯೆಶಾಯ 13 ಓದಿ. ನಕ್ಷತ್ರಗಳು ಬೆಳಗಲ್ಲ, ಸೂರ್ಯ ಹುಟ್ಟುವಾಗಲೇ ಕತ್ತಲಾಗ್ತಾನೆ, ಚಂದ್ರ ಪ್ರಕಾಶಿಸಲ್ಲ, ಎಲ್ಲಾ ಇದೆ. ಆ ಅಧ್ಯಾಯ ಬಾಬೆಲಿನ ಬಗ್ಗೆ ಅಂತ ಮೊದಲ ವಚನನೇ ಹೇಳುತ್ತೆ, ಮೇದ್ಯರ ಹೆಸರೂ ಅಲ್ಲೇ ಇದೆ. ಕ್ರಿ.ಪೂ. 539ರಲ್ಲಿ ಬಾಬೆಲ್ ಬಿದ್ದಾಗ ಆಕಾಶದ ಸೂರ್ಯ ಆರಿಹೋಗಲಿಲ್ಲ. ಯೆಹೆಜ್ಕೇಲ 32ರಲ್ಲಿ ಫರೋಹನಿಗೂ ಇದೇ ಮಾತು, ಯೆಶಾಯ 34ರಲ್ಲಿ ಎದೋಮಿಗೂ ಇದೇ. ಒಂದು ರಾಜ್ಯ ಬೀಳೋದನ್ನ ಪ್ರವಾದಿಗಳು ಹೇಳೋ ರೀತಿನೇ ಇದು. ಮೇಘನೂ ಹಾಗೇ, ಯೆಶಾಯ 19:1ರಲ್ಲಿ ಯೆಹೋವನು ವೇಗವಾದ ಮೇಘ ಹತ್ತಿ ಐಗುಪ್ತಕ್ಕೆ ಬರ್ತಾನೆ, ಐಗುಪ್ತದವರು ಕಣ್ಣಿಂದ ಕಂಡಿದ್ದು ದೇವರನ್ನಲ್ಲ, ಮೇಲೆ ಬಿದ್ದ ನ್ಯಾಯತೀರ್ಪನ್ನ. ಇನ್ನು ದಾನಿಯೇಲ 7:13ರ ಮನುಷ್ಯಕುಮಾರ ಮೇಘಗಳೊಂದಿಗೆ ಬರೋದು ಭೂಮಿಗಲ್ಲ, ಮಹಾವೃದ್ಧನ ಸನ್ನಿಧಿಗೆ, ರಾಜ್ಯ ಪಡ್ಕೊಳೋಕೆ. ಯೇಸು ಮಹಾಯಾಜಕ ಕಾಯಫನಿಗೆ ನೀವು ನೋಡ್ತೀರಿ ಅಂದಿದ್ದು ಇದನ್ನೇ, ಕಾಯಫನ ಕಾಲದಲ್ಲೇ ಆಗದೇ ಇದ್ರೆ ಆ ಮಾತು ಅವನಿಗೆ ಯಾಕೆ ಹೇಳಬೇಕಿತ್ತು?

ಹೊಸಬ

ಒಂದು ಸಣ್ಣ ಡೌಟು. ಕಲ್ಲಿನ ಮೇಲೆ ಕಲ್ಲು ಉಳಿಯಲ್ಲ ಅಂದ್ರಲ್ಲ, ಯೆರೂಸಲೇಮಲ್ಲಿ ಪಶ್ಚಿಮ ಗೋಡೆ ಈಗಲೂ ನಿಂತಿದೆ, ಜನ ಅಲ್ಲಿ ಪ್ರಾರ್ಥನೆ ಮಾಡ್ತಾರೆ. ಅದು?

ಎಣ್ಣೇಮರ

ಅದು ದೇವಾಲಯದ ಗೋಡೆ ಅಲ್ಲ. ಹೆರೋದ ಗುಡ್ಡದ ಮೇಲೆ ದೊಡ್ಡ ಸಮತಟ್ಟು ಜಗಲಿ ಮಾಡಿಸಿ ಅದರ ಮೇಲೆ ದೇವಾಲಯ ಕಟ್ಟಿಸಿದ, ಆ ಜಗಲಿಯ ಮಣ್ಣು ಜಾರದ ಹಾಗೆ ತಡೆಯೋಕೆ ಸುತ್ತ ಎತ್ತಿದ ಗೋಡೆಯ ಭಾಗ ಅದು. ಮೇಲಿದ್ದ ಕಟ್ಟಡಗಳು ಪೂರ್ತಿ ಹೋದ್ವು. ಅಲ್ಲಿಂದ ಉರುಳಿಸಿದ ದೊಡ್ಡ ದೊಡ್ಡ ಕಲ್ಲುಗಳು ಗೋಡೆ ಕೆಳಗಿನ ಹಳೇ ಬೀದಿ ಮೇಲೆ ಬಿದ್ದ ಹಾಗೇ ಸಿಕ್ಕಿವೆ.

ಮಾರನಾಥಾ

ಎಣ್ಣೇಮರ ಬ್ರದರ್, ನೀವು ಬರೆದದ್ದು ಪೂರ್ತಿ ಓದಿದೆ, ಯೆರೂಸಲೇಮಿನ ನಾಶ ಈ ಅಧ್ಯಾಯದಲ್ಲಿ ಇದೆ ಅನ್ನೋದನ್ನ ನಾನೂ ಒಪ್ತೀನಿ, ಅಲ್ಲಿಗೇ ಮುಗೀತು ಅನ್ನೋದನ್ನ ಒಪ್ಪೋಕಾಗಲ್ಲ.

27ನೇ ವಚನದಲ್ಲಿ ಮಿಂಚು ಪೂರ್ವದಿಂದ ಪಶ್ಚಿಮದ ತನಕ ಹೊಳೆಯೋ ಹಾಗೆ ಮನುಷ್ಯಕುಮಾರನ ಬರೋಣ ಇರುತ್ತೆ ಅಂತ ಕರ್ತನೇ ಹೇಳಿದಾನೆ. ಜೋಸೆಫಸ್ ಓದಿದೋರಿಗೆ ಮಾತ್ರ ಗೊತ್ತಾಗೋ ಬರೋಣ ಹೀಗಿರುತ್ತಾ? 31ರಲ್ಲಿ ತುತೂರಿ ಶಬ್ದದೊಂದಿಗೆ ದೂತರು ನಾಲ್ಕು ದಿಕ್ಕಿನಿಂದ ಆಯ್ಕೆಯಾದವರನ್ನ ಕೂಡಿಸ್ತಾರೆ, 70ರಲ್ಲಿ ಅಂತದ್ದು ಎಲ್ಲಿ ಆಯ್ತು? ಅಪೊಸ್ತಲರ ಕೃತ್ಯಗಳು 1:11ರಲ್ಲಿ ಶಿಷ್ಯರು ಆಕಾಶ ನೋಡ್ತಾ ನಿಂತಿದ್ದಾಗ, ಆತ ಹೋಗಿದ್ದನ್ನ ನೀವು ಹೇಗೆ ಕಂಡ್ರೋ ಅದೇ ರೀತಿ ಬರ್ತಾನೆ ಅಂತ ದೂತರು ಹೇಳ್ತಾರೆ, ಕಣ್ಣಿಗೆ ಕಾಣೋ ಹಾಗೆ ಹೋದೋನು ಕಣ್ಣಿಗೆ ಕಾಣೋ ಹಾಗೆ ಬರಬೇಕು. ಮತ್ತೆ 14ನೇ ವಚನ, ರಾಜ್ಯದ ಸುವಾರ್ತೆ ಲೋಕದಲ್ಲೆಲ್ಲಾ ಸಾರಲ್ಪಟ್ಟ ಮೇಲೆ ಅಂತ್ಯ ಅಂತಿದೆ, 70ರಲ್ಲಿ ಎಷ್ಟು ದೇಶಕ್ಕೆ ಸುವಾರ್ತೆ ಹೋಗಿತ್ತು? 21ನೇ ವಚನದಲ್ಲಿ ಹಿಂದೆಂದೂ ಆಗದ, ಮುಂದೆಂದೂ ಆಗದ ಸಂಕಟ ಅಂತಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಸುಮಾರು 60 ಲಕ್ಷ ಯೆಹೂದ್ಯರನ್ನ ಕೊಂದ್ರು. 70ರದ್ದೇ ಅತಿ ದೊಡ್ಡ ಸಂಕಟ ಅಂತ ಹೇಗೆ ಹೇಳ್ತೀರಿ?

ನನಗೆ ಎಲ್ಲಕ್ಕಿಂತ ಬಲವಾಗಿ ಕಾಣೋ ಮಾತು ಇನ್ನೊಂದಿದೆ. 70 ಆದಮೇಲೆ ಬದುಕಿದ್ದ ಕ್ರೈಸ್ತರು ಏನು ನಂಬಿದ್ರು? ದಿದಾಖೆ ಅನ್ನೋ ಆದಿಸಭೆಯ ಬೋಧನೆಯ ಕೊನೇ ಅಧ್ಯಾಯ ಕರ್ತನು ಮೇಘಗಳ ಮೇಲೆ ಬರೋದನ್ನ ಮುಂದಿನದಾಗೇ ಹೇಳಿ ಎಚ್ಚರವಾಗಿರಿ ಅನ್ನುತ್ತೆ. 2ನೇ ಶತಮಾನದ ಕ್ರೈಸ್ತ ಬರಹಗಾರರಾದ ಜಸ್ಟಿನ್, ಐರೇನಿಯಸ್ ಇಬ್ಬರಿಗೂ ಯೆರೂಸಲೇಮ್ ಬಿದ್ದದ್ದು ಚೆನ್ನಾಗಿ ಗೊತ್ತಿತ್ತು, ಇಬ್ಬರೂ ಕರ್ತನ ಬರೋಣಕ್ಕೆ ಕಾಯ್ತಾನೇ ಇದ್ರು. ಬರೋಣ ಆಗಿಹೋಗಿದ್ರೆ ಅದನ್ನ ಕಣ್ಣಾರೆ ಕಂಡ ಪೀಳಿಗೆ, ಅವರ ಮಕ್ಕಳು ಮೊಮ್ಮಕ್ಕಳು, ಒಬ್ಬರಾದ್ರೂ ಹೇಳಬೇಕಿತ್ತಲ್ಲ? ಪುನರುತ್ಥಾನ ಆಗಿಹೋಯ್ತು ಅಂತ ಹೇಳ್ತಿದ್ದ ಹುಮೆನಾಯ, ಪಿಲೇತರನ್ನ 2 ತಿಮೊಥೆಯ 2ರಲ್ಲಿ ಪೌಲ ಹೆಸರಿಟ್ಟು ಖಂಡಿಸ್ತಾನೆ, ಅವರ ಮಾತು ಕೆಲವರ ನಂಬಿಕೆಯನ್ನೇ ಕೆಡಿಸ್ತು ಅಂತ.

ಇನ್ನೊಂದು ಮಾತು, ಇದು ವಾದಕ್ಕಲ್ಲ. 70ರದ್ದು ಯೆಹೂದ್ಯರಿಗೆ ಬಿದ್ದ ಶಿಕ್ಷೆ ಅಂತ ಹೇಳಿಹೇಳಿ ಅವರನ್ನ ದ್ವೇಷಿಸೋಕೆ ಕ್ರೈಸ್ತರು ಶತಮಾನಗಳ ಕಾಲ ಅದನ್ನ ಬಳಸ್ಕೊಂಡಿದಾರೆ. ಈ ಓದನ್ನ ಕಲಿಸೋರು ಆ ಊರನ್ನ ನೋಡಿ ಕರ್ತನು ಅತ್ತಿದ್ದನ್ನ ಬಿಡದೇ ಕಲಿಸಬೇಕು.

ಎಣ್ಣೇಮರ

ಸಿಸ್ಟರ್, ನಿಮ್ಮ ಕೊನೇ ಮಾತಿಗೆ ನನ್ನ ಪೂರ್ತಿ ಸಹಮತ, ಸತ್ತೋರು ಯೇಸುವಿನ ಸ್ವಂತ ಜನ, ಆ ದುಃಖ ಇಲ್ಲದೆ ಮತ್ತಾಯ 24 ಓದಬಾರದು.

14ನೇ ವಚನಕ್ಕೆ ಕೊಲೊಸ್ಸೆ 1:23 ನೋಡಿ, ಆಕಾಶದ ಕೆಳಗಿರೋ ಎಲ್ಲಾ ಸೃಷ್ಟಿಗೂ ಸುವಾರ್ತೆ ಸಾರಲ್ಪಟ್ಟಿದೆ ಅಂತ ಪೌಲ ತನ್ನ ಕಾಲದಲ್ಲೇ ಬರೀತಾನೆ, ಲೂಕ 2:1ರಲ್ಲಿ ಔಗುಸ್ತ ಲೋಕಕ್ಕೆಲ್ಲಾ ಖಾನೇಷುಮಾರಿ ಮಾಡಿಸ್ತಾನೆ, ಎರಡು ಕಡೆನೂ ಅವರಿಗೆ ಗೊತ್ತಿದ್ದ ಲೋಕ. 21ಕ್ಕೆ ಯೆಹೆಜ್ಕೇಲ 5:9, ಹಿಂದೆಂದೂ ಮಾಡದ್ದನ್ನ, ಮುಂದೆಂದೂ ಮಾಡದ್ದನ್ನ ನಿನಗೆ ಮಾಡ್ತೀನಿ ಅಂತ ದೇವರು ಯೆರೂಸಲೇಮಿಗೆ ಹೇಳಿದ್ದು ಬಾಬೆಲಿನವರು ಬಂದಾಗಿನ ನಾಶಕ್ಕೆ. ಸತ್ತವರ ಸಂಖ್ಯೆ ಹೋಲಿಸೋಕೆ ಹೇಳೋ ಮಾತಲ್ಲ ಅದು, ನೀವು ಹೇಳಿದ 60 ಲಕ್ಷ ಜೀವದ ನೋವನ್ನ ಕಡಿಮೆ ಮಾಡೋ ಮಾತೂ ಅಲ್ಲ.

ಆದಿಸಭೆಯ ವಿಷಯದಲ್ಲಿ ನೀವು ಹೇಳಿದ್ದು ಪೂರ್ಣ ಪ್ರಿಟರಿಸಂಗೆ ಸರಿಯಾದ ಪೆಟ್ಟು, ಅದಕ್ಕೆ ಅವರ ಹತ್ರ ನನಗೆ ತೃಪ್ತಿಯಾಗೋ ಉತ್ತರ ಸಿಕ್ಕಿಲ್ಲ. ಹುಮೆನಾಯನ ವಿಷಯಕ್ಕೆ ಮಾತ್ರ ಅವರು ಒಂದು ಉತ್ತರ ಕೊಡ್ತಾರೆ, ಪೌಲ ಅದನ್ನ ಬರೆದದ್ದು 70ಕ್ಕೂ ಮೊದಲು, ಹುಮೆನಾಯ ಹೇಳಿದ್ದು ಬೇಗ ಆಯ್ತು ಅಷ್ಟೇ ಅಂತ. ಆದ್ರೆ ಭಾಗಶಃ ಓದಿಗೆ ಆದಿಸಭೆಯಲ್ಲೇ ಬೆಂಬಲ ಇದೆ. ಯುಸೇಬಿಯಸ್ ತನ್ನ ಸಭಾ ಇತಿಹಾಸದ ಮೂರನೇ ಪುಸ್ತಕದಲ್ಲಿ ಮತ್ತಾಯ 24ರ ಮಾತುಗಳನ್ನ ಜೋಸೆಫಸ್‌ನ ವರದಿ ಪಕ್ಕದಲ್ಲಿಟ್ಟು, ಯೇಸು ಹೇಳಿದ್ದು ಇಲ್ಲಿ ನೆರವೇರಿತು ಅಂತಾನೆ. ಆದಿಸಭೆಯ ಪ್ರಸಂಗಿ ಕ್ರಿಸೊಸ್ತೋಮ್ ಕೂಡ ಮತ್ತಾಯನ ಮೇಲಿನ ಪ್ರಸಂಗಗಳಲ್ಲಿ ಆ ಅಧ್ಯಾಯದ ಮೊದಲ ಭಾಗನ ಯೆರೂಸಲೇಮಿನ ಯುದ್ಧಕ್ಕೆ ಹೇಳಿ, ಆಮೇಲಿನದನ್ನ ಎರಡನೇ ಬರೋಣಕ್ಕೆ ಹೇಳ್ತಾನೆ. ಇಬ್ಬರೂ ಬರೋಣಕ್ಕೆ ಕಾಯ್ತಿದ್ದೋರೇ.

ಪತ್ಮೋಸ್ ದ್ವೀಪ

ಪ್ರಕಟನೆ ಪುಸ್ತಕದ ಕಡೆಯಿಂದ ನಾನು ಸ್ವಲ್ಪ ಸೇರಿಸ್ತೀನಿ, ಪ್ರಿಟರಿಸಂ ಅಂದ್ರೆ ಬೇಗನೇ 666ರ ಮಾತು ಬಂದೇ ಬರುತ್ತೆ.

ಮೊದಲ ವಚನದಲ್ಲೇ ಬೇಗನೆ ಆಗಬೇಕಾದ ಸಂಗತಿಗಳು ಅಂತಿದೆ, ಕೊನೇ ಅಧ್ಯಾಯದಲ್ಲಿ ಸಮಯ ಹತ್ರ ಇದೆ, ಈ ಪುಸ್ತಕಕ್ಕೆ ಮುದ್ರೆ ಹಾಕಬೇಡ ಅಂತಿದೆ. ದಾನಿಯೇಲ 12ರಲ್ಲಿ ಇದಕ್ಕೆ ಉಲ್ಟಾ, ಅಂತ್ಯಕಾಲದ ತನಕ ಮುದ್ರೆ ಹಾಕಿಡು ಅಂತಿದೆ. ದಾನಿಯೇಲನದ್ದು ನೆರವೇರೋಕೆ ಕೆಲವು ಶತಮಾನ ಇತ್ತು, ಅದಕ್ಕೆ ಮುದ್ರೆ. ಯೋಹಾನನದ್ದು ಎರಡು ಸಾವಿರ ವರ್ಷ ಆಚೆಗಿನದಾಗಿದ್ರೆ ಮುದ್ರೆ ಹಾಕಬೇಡ ಅನ್ನೋಕೆ ಅರ್ಥ ಏನು? ಏಷ್ಯಾದ ಏಳು ಸಭೆಗಳಿಗೆ, ಎಫೆಸ ಸ್ಮುರ್ನದಲ್ಲಿ ಕಷ್ಟ ಅನುಭವಿಸ್ತಿದ್ದ ಜನಕ್ಕೆ ಬರೆದ ಪತ್ರ ಇದು, ಅವರಿಗೆ ಮೊದಲು ಅರ್ಥ ಆಗಬೇಕು.

ಈಗ 13ನೇ ಅಧ್ಯಾಯದ ಮೃಗದ ಸಂಖ್ಯೆ, 666. ಇಬ್ರಿಯದಲ್ಲಿ ಅಕ್ಷರಗಳೇ ಅಂಕಿಗಳು. ನೀರೋನ್ ಕೈಸರ್ ಅನ್ನೋ ಹೆಸರನ್ನ ಇಬ್ರಿಯ ಅಕ್ಷರದಲ್ಲಿ ಬರೆದ್ರೆ 50, 200, 6, 50, ಆಮೇಲೆ 100, 60, 200, ಕೂಡಿದ್ರೆ 666. ಹೆಸರಿನ ಕೊನೇ ನಕಾರ ಬಿಟ್ಟು ಲ್ಯಾಟಿನ್ ರೀತಿ ನೀರೋ ಅಂತ ಬರೆದ್ರೆ 50 ಕಳೆದು 616. ಪ್ರಕಟನೆಯ ಕೆಲವು ಹಳೇ ಪ್ರತಿಗಳಲ್ಲಿ 666ರ ಜಾಗದಲ್ಲಿ ಸರಿಯಾಗಿ 616 ಅಂತಲೇ ಇದೆ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ 115ರಲ್ಲೂ ಇದೆ, ಐರೇನಿಯಸ್‌ಗೂ ಅಂಥ ಪ್ರತಿಗಳ ವಿಷಯ ಗೊತ್ತಿತ್ತು. ಎರಡೂ ಸಂಖ್ಯೆ ಒಂದೇ ಹೆಸರಿಗೆ ಬರೋದು ಸುಮ್ನೆ ತಳ್ಳಿಹಾಕೋ ವಿಷಯ ಅಲ್ಲ. 17ನೇ ಅಧ್ಯಾಯದ ಏಳು ಬೆಟ್ಟ ಅಂದ್ರೆ ರೋಮ್, ಏಳು ಅರಸರಲ್ಲಿ ಐವರು ಬಿದ್ದುಹೋಗಿದಾರೆ, ಒಬ್ಬ ಇದ್ದಾನೆ, ಇನ್ನೊಬ್ಬ ಬಂದು ಸ್ವಲ್ಪ ಕಾಲ ಇರಬೇಕು. ಜೂಲಿಯಸ್ ಸೀಸರ್‌ನಿಂದ ಎಣಿಸಿದ್ರೆ ಆರನೇಯವನು ನೀರೋ, ಏಳನೇ ಗಾಲ್ಬಾ ಆಳಿದ್ದು ಏಳು ತಿಂಗಳು. ಔಗುಸ್ತನಿಂದ ಎಣಿಸಿದ್ರೆ ಲೆಕ್ಕ ಬೇರೆ ಆಗುತ್ತೆ, ಹಾಗಾಗಿ ನಾನು ಇದನ್ನ ಸಂಖ್ಯೆಯಷ್ಟು ಬಲವಾದ ಸಾಕ್ಷಿ ಅಂತ ಹೇಳಲ್ಲ.

ಇದಕ್ಕೆಲ್ಲಾ ಎದುರಿಗಿರೋ ದೊಡ್ಡ ತೊಂದರೆ ಕಾಲದ್ದು. ಯೋಹಾನನ ದರ್ಶನ ರೋಮ್ ಚಕ್ರವರ್ತಿ ಡೊಮಿಷಿಯನ್‌ನ ಆಳ್ವಿಕೆಯ ಕೊನೆಗೆ ಆಯ್ತು ಅಂತ ಐರೇನಿಯಸ್ ಸುಮಾರು 180ರಲ್ಲಿ ಬರೀತಾನೆ. ಡೊಮಿಷಿಯನ್ ಸತ್ತಿದ್ದು 96ರಲ್ಲಿ. ಇವತ್ತಿನ ಹೆಚ್ಚಿನ ವಿದ್ವಾಂಸರೂ 95ರ ಆಸುಪಾಸು ಅಂತಲೇ ಹೇಳ್ತಾರೆ. ಪುಸ್ತಕ 95ರದ್ದಾದ್ರೆ 70ರ ನಾಶ ಅದರಲ್ಲಿ ಪ್ರವಾದನೆಯಾಗಿ ಇರೋಕೆ ಸಾಧ್ಯವಿಲ್ಲ. 70ಕ್ಕೂ ಮೊದಲಿನದು ಅನ್ನೋರು 11ನೇ ಅಧ್ಯಾಯ ತೋರಿಸ್ತಾರೆ, ಅಲ್ಲಿ ದೇವಾಲಯನ ಅಳತೆ ಮಾಡು ಅಂತಿದೆ, ದೇವಾಲಯ ನಿಂತಿದ್ದಾಗಲೇ ಬರೆದದ್ದು ಅಂತ. ಕೆನೆತ್ ಜೆಂಟ್ರಿ 1989ರಲ್ಲಿ ಈ ಒಂದೇ ವಿಷಯಕ್ಕೆ ಇಡೀ ಪುಸ್ತಕ ಬರೆದ್ರು. ಬಾಬೆಲ್ ಅಂದ್ರೆ ರೋಮ್, ಅದು ಬಿದ್ದಾಗ ನೆರವೇರಿತು ಅನ್ನೋ ಇನ್ನೊಂದು ಬಗೆಯ ಪ್ರಿಟರಿಸಂ ಇದೆ, ಅದಕ್ಕೆ ಕಾಲದ ತೊಂದರೆ ಇಲ್ಲ. ನನಗೆ ಅದೇ ಹೆಚ್ಚು ಸರಿ ಕಾಣುತ್ತೆ.

ಈ ಓದಿನ ಬಗ್ಗೆ ಪ್ರೊಟೆಸ್ಟೆಂಟರಿಗೆ ಅನುಮಾನ ಬರೋಕೆ ಒಂದು ಹಳೇ ಕಾರಣನೂ ಇದೆ. ಸುಧಾರಣೆಯ ಕಾಲದಲ್ಲಿ ಪ್ರೊಟೆಸ್ಟೆಂಟರು ಪೋಪನೇ ಕ್ರಿಸ್ತವಿರೋಧಿ ಅಂತಿದ್ರು. ಸ್ಪೇನಿನ ಜೆಸ್ವಿಟ್ (ಕ್ಯಾಥೊಲಿಕ್ ಸನ್ಯಾಸಿ ಸಂಘದ ಪಾದ್ರಿ) ರಿಬೇರಾ ಪ್ರಕಟನೆಯ ಮಾತೆಲ್ಲಾ ಹೆಚ್ಚಾಗಿ ಮುಂದೆ ಬರೋದು ಅಂತ ಬರೆದ, ಇನ್ನೊಬ್ಬ ಜೆಸ್ವಿಟ್ ಲೂಯಿಸ್ ದೆ ಅಲ್ಕಾಸರ್ ಹೆಚ್ಚಿನದೆಲ್ಲಾ ಆದಿಸಭೆಯ ಕಾಲದಲ್ಲೇ ಆಗಿಹೋಯ್ತು ಅಂತ ಬರೆದ, ಅವನ ಪುಸ್ತಕ 1614ರಲ್ಲಿ, ಅವನು ಸತ್ತ ಮರುವರ್ಷ ಬಂತು. ಎರಡರಲ್ಲೂ ಪೋಪ್ ಮೇಲಿನ ಆರೋಪ ತಪ್ಪಿಹೋಗುತ್ತೆ. ಆದ್ರೆ ಸ್ವಲ್ಪ ಕಾಲದಲ್ಲೇ ಗ್ರೋಷಿಯಸ್, ಹ್ಯಾಮಂಡ್ ತರದ ಪ್ರೊಟೆಸ್ಟೆಂಟ್ ವಿದ್ವಾಂಸರೂ ಇದೇ ದಾರಿ ಹಿಡಿದ್ರು, 1878ರಲ್ಲಿ ಸ್ಟುವರ್ಟ್ ರಸೆಲ್ ಅನ್ನೋ ಪಾಸ್ಟರ್, 1998ರಲ್ಲಿ ಆರ್. ಸಿ. ಸ್ಪ್ರೌಲ್ ಇದರ ಮೇಲೆ ಬರೆದ್ರು. ನಾವೆಲ್ಲಾ ಚಿಕ್ಕಂದಿನಿಂದ ಕೇಳಿರೋ ಎತ್ತಲ್ಪಡೋದು, ಆಮೇಲೆ ಏಳು ವರ್ಷ ಅನ್ನೋ ಕ್ರಮ ಹರಡಿದ್ದು 1830ರ ದಶಕದಲ್ಲಿ ಜಾನ್ ನೆಲ್ಸನ್ ಡಾರ್ಬಿಯಿಂದ, ಅದನ್ನ ಮನೆಮನೆಗೆ ಮುಟ್ಟಿಸಿದ್ದು 1909ರ ಸ್ಕೋಫೀಲ್ಡ್ ಬೈಬಲ್ಲಿನ ಅಡಿಟಿಪ್ಪಣಿಗಳು. ಅದೇ ಮೊದಲಿಂದ ಇದ್ದ ಬೋಧನೆ, ಉಳಿದದ್ದೆಲ್ಲಾ ಹೊಸದು ಅಂತ ತಿಳ್ಕೊಳೋದು ಬೇಡ.

ಬೆರೋಯದ ಓದುಗ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ತಾಯಿಯ ವಿಷಯದಲ್ಲಿ ಮನಸ್ಸು ಹಗುರ ಆಯ್ತು. ಯೆಶಾಯ 13, 19, 34 ಮೂರೂ ಓದಿದೆ, ಆ ಭಾಷೆ ಮತ್ತಾಯ 24ರಲ್ಲಿ ಹಾಗೇ ಇದೆ, ಇಷ್ಟು ವರ್ಷ ಕಣ್ಣಿಗೇ ಬಿದ್ದಿರಲಿಲ್ಲ. ಈಗ ಉಳಿದಿರೋದು ಎರಡು. ಭಾಗಶಃ ಅಂದ್ರೆ ಎಲ್ಲಿಗೆ ಕತ್ತರಿಸ್ತೀರಿ? ಮತ್ತಾಯ 24ರಲ್ಲಿ ಯೆರೂಸಲೇಮ್ ಎಲ್ಲಿ ಮುಗಿದು ಕಡೇ ಬರೋಣ ಎಲ್ಲಿ ಶುರುವಾಗುತ್ತೆ? ಮತ್ತೆ 2 ಥೆಸಲೋನಿಕ 2ರ ಅಧರ್ಮಸ್ವರೂಪನು ದೇವಾಲಯದಲ್ಲಿ ಕೂತ್ಕೊಳೋದು 70ಕ್ಕೂ ಮೊದಲಿನ ಮಾತಾ?

ಎಣ್ಣೇಮರ

ನಾನು 36ನೇ ವಚನದಲ್ಲಿ ತಿರುವು ನೋಡ್ತೀನಿ. ಅಲ್ಲಿವರೆಗೂ ಗುರುತುಗಳಿವೆ, ಅಂಜೂರದ ಮರ ಚಿಗುರಿದ್ರೆ ಬೇಸಿಗೆ ಹತ್ರ ಅಂತ ಗೊತ್ತಾಗೋ ಹಾಗೆ ಇದನ್ನೆಲ್ಲಾ ನೋಡಿದಾಗ ತಿಳ್ಕೊಳ್ಳಿ ಅಂತಾರೆ. 36ರಿಂದ ಆ ದಿನ, ಆ ಗಳಿಗೆ ಯಾರಿಗೂ ಗೊತ್ತಿಲ್ಲ ಅಂತ ಮಾತೇ ಬದಲಾಗುತ್ತೆ, ಗುರುತು ಒಂದೂ ಇಲ್ಲ, ನೋಹನ ಕಾಲದ ಹಾಗೆ ಜನ ಉಣ್ತಾ ಕುಡೀತಾ ಇರುವಾಗ ಬರುತ್ತೆ. ಗುರುತು ಕೊಟ್ಟು ಓಡಿಹೋಗಿ ಅಂದ ದಿನ ಒಂದು, ಗುರುತೇ ಇಲ್ಲದ ದಿನ ಇನ್ನೊಂದು. 22 ಅಕ್ಟೋಬರ್ 1844, 21 ಮೇ 2011 ಅಂತ ಬರೋಣದ ದಿನಾಂಕ ಹೇಳಿ ಜನರ ನಂಬಿಕೆ ಮುರಿದೋರೆಲ್ಲಾ ಎರಡನೇ ದಿನಕ್ಕೆ ಗುರುತು ಹುಡುಕಿದೋರೇ. 2 ಥೆಸಲೋನಿಕಕ್ಕೆ ಬಂದ್ರೆ, ಪೌಲ ಬರೆದಾಗ ದೇವಾಲಯ ಇನ್ನೂ ನಿಂತಿತ್ತು, ಅದಕ್ಕೂ ಕೇವಲ ಹತ್ತು ವರ್ಷ ಮೊದಲು, 40ರಲ್ಲಿ ಚಕ್ರವರ್ತಿ ಕಲಿಗುಲ ತನ್ನ ವಿಗ್ರಹನ ಅಲ್ಲಿ ಇಡಿಸೋಕೆ ಹೊರಟಿದ್ದ, 41ರಲ್ಲಿ ಅವನ ಕೊಲೆ ಆಗಿದ್ದರಿಂದ ತಪ್ಪಿತು. ಥೆಸಲೋನಿಕದವರಿಗೆ ಆ ಮಾತು ದೂರದ ಒಗಟಾಗಿರಲಿಲ್ಲ. ಆದ್ರೆ ಅವನನ್ನ ಕರ್ತನು ತನ್ನ ಬರೋಣದ ಪ್ರಕಾಶದಿಂದ ನಾಶಮಾಡ್ತಾನೆ ಅಂತ 8ನೇ ವಚನದಲ್ಲಿ ಇರೋದ್ರಿಂದ ನಾನು ಈ ಭಾಗನ 70ಕ್ಕೆ ಸೇರಿಸೋಕೆ ಹಿಂದೇಟು ಹಾಕ್ತೀನಿ.

ಮಾರನಾಥಾ

36ರಲ್ಲಿ ಕತ್ತರಿಸೋದಕ್ಕೆ ಲೂಕ 17 ಅಡ್ಡ ಬರುತ್ತೆ ಬ್ರದರ್. ಅಲ್ಲಿ 26ರಲ್ಲಿ ನೋಹನ ಕಾಲ, 28ರಲ್ಲಿ ಲೋಟನ ಕಾಲ, 31ರಲ್ಲಿ ಮಾಳಿಗೆ ಮೇಲಿರೋನು ಇಳೀಬಾರದು, 35ರಲ್ಲಿ ಬೀಸ್ತಾ ಇರೋ ಇಬ್ಬರು ಹೆಂಗಸರು, 37ರಲ್ಲಿ ಹೆಣ ಇದ್ದಲ್ಲಿ ಹದ್ದುಗಳು. ಮತ್ತಾಯನಲ್ಲಿ ನೀವು ಎರಡು ಬೇರೆ ದಿನಕ್ಕೆ ಹಂಚಿದ ಮಾತುಗಳು ಲೂಕನಲ್ಲಿ ಒಂದೇ ದಿನಕ್ಕೆ ಬೆರೆತು ಬಂದಿವೆ, ಕ್ರಮನೂ ಹಿಂದುಮುಂದು. ರಸೆಲ್ ಇಡೀ ಅಧ್ಯಾಯನ 70ಕ್ಕೆ ಕೊಟ್ಟುಬಿಟ್ಟಿದ್ದೂ ಇಂಥ ಕಾರಣಕ್ಕೇ, ನಡುವೆ ಕತ್ತರಿ ಹಾಕೋಕೆ ಜಾಗ ಸಿಗಲಿಲ್ಲ ಅವರಿಗೆ. ನನ್ನ ಓದು ಬೇರೆ, ಕರ್ತನು ಎರಡನ್ನೂ ಒಂದೇ ನೋಟದಲ್ಲಿ ನೋಡಿ ಹೇಳಿದಾನೆ, ಯೆರೂಸಲೇಮಿನ ನಾಶ ಕಡೇ ದಿನದ ಮುನ್ನೆರಳು, ಅದಕ್ಕೇ ಮಾತುಗಳು ಬೆರೆತಿವೆ.

ಎಣ್ಣೇಮರ

ಸಿಸ್ಟರ್, ಲೂಕ 17 ನನ್ನ ಓದಿಗೆ ಕಷ್ಟದ ಜಾಗ ಅನ್ನೋದು ನಿಜ. ಯೇಸು ಒಂದೇ ಮಾತನ್ನ ಬೇರೆ ಬೇರೆ ಸಂದರ್ಭದಲ್ಲಿ ಹೇಳಿರಬಹುದು, ಓಡಿಹೋಗೋ ಅವಸರಕ್ಕೆ ಒಮ್ಮೆ, ಹಿಂದೆ ತಿರುಗಿ ನೋಡಿದ ಲೋಟನ ಹೆಂಡತಿಯ ಹಾಗೆ ಆಗಬೇಡಿ ಅನ್ನೋದಕ್ಕೆ ಇನ್ನೊಮ್ಮೆ. ಮುನ್ನೆರಳು ಅನ್ನೋ ನಿಮ್ಮ ಓದನ್ನ ನಾನು ತಳ್ಳಿಹಾಕಲ್ಲ, ಆದ್ರೆ ಅದರಲ್ಲಿ 34ನೇ ವಚನ ಅರ್ಧ ಮಾತ್ರ ನೆರವೇರಿದ ಹಾಗಾಗುತ್ತೆ, ಇದೆಲ್ಲಾ ಅಂತ ಹೇಳಿದ್ದಕ್ಕೆ ಅಷ್ಟು ಸಾಲಲ್ಲ.

ಬೆರೋಯದ ಬ್ರದರ್, ನೀವು ಮುಂದೆ ಲೂಕ 21 ತಗೊಳ್ಳಿ. 24ರಲ್ಲಿ ಅನ್ಯಜನರ ಕಾಲ ಪೂರ್ತಿಯಾಗೋ ತನಕ ಯೆರೂಸಲೇಮ್ ತುಳಿಯಲ್ಪಡುತ್ತೆ ಅಂತಿದೆ, 25ರಲ್ಲಿ ಸೂರ್ಯ ಚಂದ್ರ ನಕ್ಷತ್ರದ ಗುರುತು, 32ರಲ್ಲಿ ಮತ್ತೆ ಅದೇ ಈ ಸಂತತಿಯ ಮಾತು. ಮಾರನಾಥಾ ಸಿಸ್ಟರ್ 24ರಲ್ಲಿ ಬಹುಕಾಲದ ಅಂತರ ಇದೆ ಅಂತಾರೆ, ನಾನು 25 ಕೂಡ ಆ ಊರಿನ ಬೀಳುವಿಕೆಯನ್ನೇ ಯೆಶಾಯನ ಭಾಷೆಯಲ್ಲಿ ಹೇಳುತ್ತೆ ಅಂತೀನಿ. ಮೂರು ವಚನನೂ ಒಟ್ಟಿಗೆ ಇಟ್ಕೊಂಡು ಓದಿ ನಿಮಗೆ ಯಾವುದು ನಿಲ್ಲುತ್ತೆ ಅಂತ ಇಲ್ಲೇ ಬರೀರಿ.